ತೊಡರಿದ್ದು ಬೇರೆ ಬಳ್ಳಿ: 67ಪಿ ಧೂಮಕೇತುವಿನ ಕಥೆ

ಇವತ್ತು ನಾನು ಹೇಳಹೊರಟಿರುವ ಧೂಮಕೇತುವನ್ನು ನಿಮ್ಮಲ್ಲಿ ಯಾರೂ ಬರಿಗಣ್ಣಿನಿಂದ ನೋಡಿಲ್ಲ. 1986ರಲ್ಲಿ ಹ್ಯಾಲಿ ನೋಡಲು ಬೆಳಗಿನ ಜಾವ ಎದ್ದವರು ಇಲ್ಲಿರಬಹುದು. 1997ರಲ್ಲಿ ಸಂಜೆ ತಾರಸಿ ಮೇಲೆ ನಿಂತು ಹೇಲ್-ಬಾಪ್ ನೋಡಿದವರಂತೂ ಖಂಡಿತ ಇದ್ದೀರಿ, ಆಗಲೇ ಕೆಲವರು ತಲೆಯಾಡಿಸಿದಿರಿ. ಇದು ಅಂಥ ಮೆರವಣಿಗೆಯ ಗಿರಾಕಿಯಲ್ಲ. ಮಂಕು, ಚಿಕ್ಕದು, ಹೆಸರು ಬೇರೆ ನಾಲಿಗೆ ತಿರುಗದಂಥದ್ದು: 67ಪಿ ಚುರ್ಯುಮೋವ್-ಗೆರಾಸಿಮೆಂಕೊ. ಆದರೆ ಭೂಮಿಯ ಯಂತ್ರವೊಂದು ಎರಡು ವರ್ಷ ಜೊತೆಯಲ್ಲೇ ಸುತ್ತಿ, ಮೂಸಿ, ಮುಟ್ಟಿ ನೋಡಿದ ಧೂಮಕೇತು ಇದೊಂದೇ.

‘ಹುಡುಕುವ ಬಳ್ಳಿ ಕಾಲಿಗೆ ತೊಡರಿತು’ ಅಂತ ನಮ್ಮಲ್ಲಿ ಮಾತಿದೆ. ಈ ಕಥೆಯಲ್ಲಿ ಬಳ್ಳಿ ತೊಡರಿದ್ದು ನಿಜ. ಆದರೆ ಪ್ರತಿ ಸಲವೂ ಹುಡುಕುತ್ತಿದ್ದ ಬಳ್ಳಿಯಲ್ಲ, ಪಕ್ಕದ್ದು.

1969ರ ಸೆಪ್ಟೆಂಬರ್. ಕೀವ್‌ನಿಂದ ಖಗೋಳ ವೀಕ್ಷಕರ ಒಂದು ಪುಟ್ಟ ತಂಡ ಆಗಿನ ಸೋವಿಯತ್ ಕಜಾಕಸ್ತಾನದ ಅಲ್ಮಾ-ಅಟಾ ವೀಕ್ಷಣಾಲಯಕ್ಕೆ ಬಂದಿತ್ತು. ಗೊತ್ತಿದ್ದ ಧೂಮಕೇತುಗಳ ಚಿತ್ರ ತೆಗೆಯುವುದು ಅವರ ಕೆಲಸ. ಸೆಪ್ಟೆಂಬರ್ 11ರ ರಾತ್ರಿ ಸ್ವೆತ್ಲಾನಾ ಗೆರಾಸಿಮೆಂಕೊ ಎಂಬ ಯುವತಿ 50 ಸೆಂಟಿಮೀಟರ್ ದೂರದರ್ಶಕದಲ್ಲಿ ಕೋಮಾಸ್ ಸೋಲಾ ಎಂಬ ಹಳೆಯ ಧೂಮಕೇತುವಿನ ಚಿತ್ರ ಹಿಡಿದರು. ಫಿಲ್ಮ್ ರೋಲಿನ ಮೇಲಲ್ಲ, ಗಾಜಿನ ಪ್ಲೇಟಿನ ಮೇಲೆ. ಆ ಪ್ಲೇಟು ಸರಿಯಾಗಿ ಡೆವಲಪ್ ಆಗಲಿಲ್ಲ, ಕೆಟ್ಟಿತು. ಎಸೆಯುವುದೋ ಇಟ್ಟುಕೊಳ್ಳುವುದೋ ಎಂಬ ಸ್ಥಿತಿ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ನನ್ನ ಚಿಕ್ಕಪ್ಪನದು ಫೋಟೋ ಸ್ಟುಡಿಯೋ. ರಜೆಯಲ್ಲಿ ನಾನು ಅವರ ಡಾರ್ಕ್ ರೂಮಿನಲ್ಲಿ ಟ್ರೇ ಅಲ್ಲಾಡಿಸುವ ಹುಡುಗ. ಕೆಂಪು ಬಲ್ಬು, ಹೈಪೋ ವಾಸನೆ, ಸೆಕೆ. ಡೆವಲಪರ್ ಹಳತಾದರೆ ಚಿತ್ರ ಏಳುವುದೇ ಇಲ್ಲ. ಮದುಮಗಳ ಮುಖ ಇರಬೇಕಾದಲ್ಲಿ ಬೂದು ಬಣ್ಣದ ಮೋಡ ಕೂತಿರುತ್ತದೆ. ಚಿಕ್ಕಪ್ಪ ಅಂಥದ್ದನ್ನು ನೋಡಿದರೆ ನನ್ನ ತಲೆಗೊಂದು ಮೊಟಕಿ, ಹರಿದು ಬುಟ್ಟಿಗೆ ಹಾಕುತ್ತಿದ್ದರು. ಹಾಗಾಗಿ ಆಕೆ ಆ ಪ್ಲೇಟನ್ನು ಎಸೆಯದೆ ಇಟ್ಟುಕೊಂಡರು ಅಂತ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಬುಟ್ಟಿ.

ಪ್ಲೇಟುಗಳೆಲ್ಲ ಕೀವ್‌ಗೆ ಹೋದವು. ಅಕ್ಟೋಬರ್‌ನಲ್ಲಿ ಕ್ಲಿಮ್ ಚುರ್ಯುಮೋವ್ ಅವನ್ನು ಒಂದೊಂದಾಗಿ ಅಳೆಯುತ್ತ ಕೂತರು. ಆ ಕೆಟ್ಟ ಪ್ಲೇಟಿನ ಅಂಚಿನ ಹತ್ತಿರ ಒಂದು ಮಸುಕು ಚುಕ್ಕೆ. ಕೋಮಾಸ್ ಸೋಲಾವೇ ಇರಬೇಕು ಅಂದುಕೊಂಡರು. ಆದರೆ ಲೆಕ್ಕ ಹಾಕಿದರೆ ಅದು ಇರಬೇಕಾದ ಜಾಗಕ್ಕೂ ಈ ಚುಕ್ಕೆಗೂ 1.8 ಡಿಗ್ರಿ ಅಂತರ. ನಿಮಗೆ ಅಂದಾಜು ಸಿಗಲಿ ಅಂತ ಹೇಳುತ್ತೇನೆ, ಹುಣ್ಣಿಮೆಯ ಚಂದ್ರನನ್ನು ಪಕ್ಕಪಕ್ಕ ಮೂರೂವರೆ ಸಲ ಇಟ್ಟಷ್ಟು. ಅಷ್ಟು ದೊಡ್ಡ ತಪ್ಪು ಲೆಕ್ಕದಲ್ಲಿ ಬರುವುದಿಲ್ಲ. ಸೆಪ್ಟೆಂಬರ್ 9 ಮತ್ತು 21ರ ಪ್ಲೇಟುಗಳನ್ನು ತೆಗೆದು ನೋಡಿದರೆ ಅಲ್ಲೂ ಇದೆ, ಸ್ವಲ್ಪ ಸ್ವಲ್ಪ ಸರಿದಿದೆ. ಹೊಸ ಧೂಮಕೇತು! ಚಿತ್ರ ತೆಗೆದವರ ಹೆಸರೂ ಅಳೆದವರ ಹೆಸರೂ ಅದಕ್ಕೆ ಅಂಟಿಕೊಂಡವು. ಮುಂದಿನ 67ಪಿ ಅನ್ನುವುದು ಸರದಿ ಸಂಖ್ಯೆ. ಮತ್ತೆ ಮತ್ತೆ ಬರುತ್ತದೆ ಅಂತ ಖಾತ್ರಿಯಾದ ಧೂಮಕೇತುಗಳ ಪಟ್ಟಿಯಲ್ಲಿ ಹ್ಯಾಲಿ 1ಪಿ, ಇದು ಅರವತ್ತೇಳನೆಯದು.

ಸರಿ, ಅಲ್ಲಿಯವರೆಗೆ ಇದು ಯಾರ ಕಣ್ಣಿಗೂ ಯಾಕೆ ಬಿದ್ದಿರಲಿಲ್ಲ? ಇದಕ್ಕೆ ಉತ್ತರ ಗುರುಗ್ರಹ. ನಮ್ಮಲ್ಲಿ ಮದುವೆ ತಡವಾದರೆ ಗುರುಬಲ ಬಂದಿಲ್ಲ ಅನ್ನುತ್ತಾರಲ್ಲ, ಆ ಗುರುಬಲದ ಬಗ್ಗೆ ನಾನೇನೂ ಹೇಳಲಾರೆ. ಧೂಮಕೇತುಗಳ ಮಟ್ಟಿಗೆ ಮಾತ್ರ ಗುರುಬಲ ಅನ್ನುವುದು ಅಕ್ಷರಶಃ ನಿಜ. ಈ ಗುಂಪಿಗೆ ಹೆಸರೇ ಗುರು ಕುಟುಂಬದ ಧೂಮಕೇತುಗಳು ಅಂತ. ಅವುಗಳ ಕಕ್ಷೆ ಅವುಗಳ ಸ್ವಂತದ್ದಲ್ಲ, ಗುರು ಕೊಟ್ಟದ್ದು, ಅವನು ಯಾವಾಗ ಬೇಕಾದರೂ ಬದಲಿಸಬಹುದು.

ಹಿಂದಕ್ಕೆ ಲೆಕ್ಕ ಹಾಕಿದರೆ, 1840ಕ್ಕೆ ಮೊದಲು ಈ ಧೂಮಕೇತು ಸೂರ್ಯನಿಗೆ 60 ಕೋಟಿ ಕಿಲೋಮೀಟರಿಗಿಂತ ಹತ್ತಿರ ಬರುತ್ತಲೇ ಇರಲಿಲ್ಲ. ಧೂಮಕೇತು ಅಂದರೆ ಮಂಜುಗಡ್ಡೆ, ದೂಳು ಸೇರಿದ ಉಂಡೆ. ಅಷ್ಟು ದೂರದಲ್ಲಿ ಆ ಮಂಜು ಬಿಸಿಯಾಗುವುದಿಲ್ಲ, ಹಬೆಯಿಲ್ಲ, ಬಾಲವಿಲ್ಲ, ಹಾಗಾಗಿ ಕಾಣುವುದೂ ಇಲ್ಲ. 1840ರಲ್ಲಿ ಗುರುವಿನ ಹತ್ತಿರ ಹಾದು ಸ್ವಲ್ಪ ಒಳಕ್ಕೆ ಬಂತು. ಆಮೇಲೆ 1959ರ ಫೆಬ್ರವರಿಯಲ್ಲಿ ಗುರುವಿನಿಂದ ಬರೀ 75 ಲಕ್ಷ ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಆಕಾಶದ ಅಳತೆಯಲ್ಲಿ ಅದು ಭುಜ ತಾಗಿಸಿಕೊಂಡು ಹೋದ ಹಾಗೆ. ಆ ಒಂದು ಎಳೆತಕ್ಕೆ ಸೂರ್ಯನಿಗೆ ಅತಿ ಹತ್ತಿರದ ದೂರ 40 ಕೋಟಿ ಕಿಲೋಮೀಟರಿನಿಂದ 19 ಕೋಟಿಗೆ ಇಳಿಯಿತು. ಹತ್ತೇ ವರ್ಷಕ್ಕೆ ಅದು ಅಲ್ಮಾ-ಅಟಾದ ಪ್ಲೇಟಿನಲ್ಲಿ!

ಈಗ ಅದು ಸೂರ್ಯನನ್ನು ಸುತ್ತಲು ಆರೂವರೆ ವರ್ಷಕ್ಕೆ ಸ್ವಲ್ಪ ಕಡಿಮೆ ತೆಗೆದುಕೊಳ್ಳುತ್ತದೆ. ದೂರದ ತುದಿ ಸುಮಾರು 85 ಕೋಟಿ ಕಿಲೋಮೀಟರ್, ಗುರುವಿನ ಕಕ್ಷೆಯಿಂದಲೂ ಆಚೆ. ಅಲ್ಲಿ ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ವೇಗದಲ್ಲಿ ತೂಕಡಿಸುತ್ತ ಹೋಗುವುದು ಸೂರ್ಯನ ಹತ್ತಿರ ಬಂದಾಗ ಸೆಕೆಂಡಿಗೆ 34 ಕಿಲೋಮೀಟರ್ ಓಡುತ್ತದೆ.

ಈಗ ಎರಡನೆಯ ಬಳ್ಳಿ. ಯುರೋಪಿನ ಬಾಹ್ಯಾಕಾಶ ಸಂಸ್ಥೆ ಧೂಮಕೇತುವಿನ ಜೊತೆ ಸಂಸಾರ ಮಾಡುವ ನೌಕೆಯೊಂದನ್ನು ಕಟ್ಟಿತು. ಹೆಸರು ರೊಸೆಟ್ಟಾ. ಈಜಿಪ್ಟಿನಲ್ಲಿ 1799ರಲ್ಲಿ ಸಿಕ್ಕ, ಒಂದೇ ಒಕ್ಕಣೆ ಮೂರು ಲಿಪಿಗಳಲ್ಲಿದ್ದ ಶಾಸನದ ಹೆಸರು ಅದು. ನೌಕೆ ಹೋಗಬೇಕಾಗಿದ್ದು ವಿರ್ಟಾನೆನ್ ಎಂಬ ಇನ್ನೊಂದು ಧೂಮಕೇತುವಿಗೆ, 2003ರ ಜನವರಿಯಲ್ಲಿ. ಅದಕ್ಕೆ ಒಂದು ತಿಂಗಳ ಮೊದಲು, 2002ರ ಡಿಸೆಂಬರಿನಲ್ಲಿ ಏರಿಯಾನ್ 5 ರಾಕೆಟ್ಟಿನ ಹೊಸ ಮಾದರಿಯೊಂದು ಹಾರಿದ ಕೆಲವೇ ನಿಮಿಷಗಳಲ್ಲಿ ಹಾಳಾಯಿತು. ರೊಸೆಟ್ಟಾ ಹೋಗಬೇಕಾಗಿದ್ದೂ ಏರಿಯಾನ್ 5ರಲ್ಲೇ. ತಡೆದರು. ತಡೆದದ್ದಕ್ಕೆ ವಿರ್ಟಾನೆನ್ ಕೈತಪ್ಪಿತು. ಧೂಮಕೇತು ಬಸ್ಸಿನ ಹಾಗಲ್ಲ, ಇನ್ನೊಂದು ಹತ್ತು ನಿಮಿಷಕ್ಕೆ ಬರುವುದಿಲ್ಲ. ಎಲ್ಲಾದರೂ ಹೋಗಲೇಬೇಕಲ್ಲ, ಹುಡುಕಿ 67ಪಿಯನ್ನು ಆರಿಸಿದರು. ಅದು ಹೆಚ್ಚು ದೊಡ್ಡದು, ಹಾಗಾಗಿ ಅದರ ಮೇಲೆ ಇಳಿಸಲು ರೊಸೆಟ್ಟಾ ಒಯ್ಯಲಿದ್ದ ಪುಟ್ಟ ಪೆಟ್ಟಿಗೆಯ ಕಾಲುಗಳನ್ನು ಗಟ್ಟಿ ಮಾಡಬೇಕಾಯಿತು. 2004ರ ಮಾರ್ಚ್ 2ರಂದು ಹೊರಟಿತು.

ಹೊರಟಿತು ಅಂದರೆ ನೇರ ಹೋಗಲಿಲ್ಲ. ಉಯ್ಯಾಲೆಯಲ್ಲಿ ಕೂತ ಮಗುವನ್ನು ಹತ್ತಿರ ಬಂದಾಗಲೆಲ್ಲ ತಳ್ಳುತ್ತೀರಲ್ಲ, ಹಾಗೆ ಭೂಮಿಯಿಂದ ಮೂರು ಸಲ, ಮಂಗಳನಿಂದ ಒಂದು ಸಲ ತಳ್ಳಿಸಿಕೊಂಡು ವೇಗ ಕೂಡಿಸಿಕೊಂಡಿತು. ಇದರಲ್ಲೊಂದು ತಮಾಷೆ ನಡೆಯಿತು. 2007ರ ನವೆಂಬರಿನಲ್ಲಿ ಅದು ಭೂಮಿಯ ಹತ್ತಿರ ಬರುತ್ತಿದ್ದಾಗ ಆಕಾಶ ಕಾಯುವವರು ಅದನ್ನು ಹೊಸ ಕ್ಷುದ್ರಗ್ರಹ ಅಂದುಕೊಂಡು 2007 ವಿಎನ್84 ಅಂತ ನಾಮಕರಣವನ್ನೂ ಮಾಡಿಬಿಟ್ಟರು. ಭೂಮಿಗೆ ಇಷ್ಟು ಹತ್ತಿರ ಬರುತ್ತಿದೆಯಲ್ಲ ಅಂತ ಗಾಬರಿ. ಆಮೇಲೆ ಯಾರೋ ಪಥ ಹೋಲಿಸಿ ನೋಡಿ, ಅಯ್ಯೋ ಇದು ನಮ್ಮ ಮನೆಯದೇ ಅಂದರು. ಹೆಸರು ವಾಪಸ್.

2011ರ ಜೂನ್ ಹೊತ್ತಿಗೆ ನೌಕೆ ಸೂರ್ಯನಿಂದ ತುಂಬ ದೂರ ಹೋಗಿತ್ತು. ಅದರ ರೆಕ್ಕೆಗಳು ತುದಿಯಿಂದ ತುದಿಗೆ 32 ಮೀಟರ್, ತುಂಬ ಸೌರಫಲಕ. ಆದರೂ ಇಲ್ಲಿ ಒಂದು ರೂಪಾಯಿ ಬಿಸಿಲು ಬಿದ್ದರೆ ಅಲ್ಲಿ ಬೀಳುವುದು ನಾಲ್ಕು ಪೈಸೆ. ಬದುಕಿಸಲು ಒಂದೇ ದಾರಿ, ಮಲಗಿಸುವುದು. ಹೀಟರು, ಗಡಿಯಾರ, ಒಂದಿಷ್ಟು ಅಗತ್ಯದವು ಬಿಟ್ಟು ಮಿಕ್ಕದ್ದೆಲ್ಲ ಬಂದ್. 957 ದಿನ ಮಾತಿಲ್ಲ ಕತೆಯಿಲ್ಲ. ಅಲಾರಂ ಇಟ್ಟಿದ್ದು 2014ರ ಜನವರಿ 20ಕ್ಕೆ, ನಮ್ಮ ಸಮಯ ಮಧ್ಯಾಹ್ನ ಮೂರೂವರೆಗೆ. ಎದ್ದ ಮೇಲೆ ಮೈ ಬಿಸಿ ಮಾಡಿಕೊಂಡು, ದಿಕ್ಕು ನೋಡಿಕೊಂಡು, ಆಂಟೆನಾ ತಿರುಗಿಸಿ ಭೂಮಿಗೆ ‘ಎದ್ದೆ’ ಅನ್ನಬೇಕು. ಜರ್ಮನಿಯ ಡಾರ್ಮ್‌ಸ್ಟಾಟ್‌ನ ನಿಯಂತ್ರಣ ಕೊಠಡಿಯಲ್ಲಿ ಎಲ್ಲರೂ ಪರದೆಯ ಮೇಲಿನ ಒಂದು ಹಸಿರು ಗೆರೆಯನ್ನೇ ನೋಡುತ್ತ ನಿಂತಿದ್ದಾರೆ. ಗೆರೆ ಬರೀ ನಡುಗುತ್ತಿದೆ. ನಮ್ಮ ಸಮಯ ರಾತ್ರಿ 11:48ಕ್ಕೆ ಗೆರೆಯ ನಡುವೆ ಒಂದು ಮೊಳೆ ಎದ್ದಿತು. ಅಷ್ಟೇ. ಆ ವಿಡಿಯೋ ಸಿಗುತ್ತದೆ, ನೋಡಿ. ನಡುವಯಸ್ಸಿನ ವಿಜ್ಞಾನಿಗಳು ಶಾಲೆ ಮಕ್ಕಳ ಹಾಗೆ ಕುಣಿಯುತ್ತಾರೆ.

ಹತ್ತಿರ ಹೋಗುತ್ತಿದ್ದ ಹಾಗೆ ಮೂರನೆಯ ಅಚ್ಚರಿ. ಎಲ್ಲರೂ ಆಲೂಗಡ್ಡೆಯನ್ನು ನಿರೀಕ್ಷಿಸಿದ್ದರು. ಜುಲೈನ ಚಿತ್ರಗಳಲ್ಲಿ ಕಂಡದ್ದು ಬಾತುಕೋಳಿ. ದೊಡ್ಡ ಮೈ ನಾಲ್ಕು ಕಿಲೋಮೀಟರಿನಷ್ಟು, ತಲೆ ಎರಡೂವರೆ ಕಿಲೋಮೀಟರ್, ನಡುವೆ ಕತ್ತು. ಒಂದೇ ಉಂಡೆ ಸವೆದು ಕತ್ತಾಯಿತೇ, ಅಥವಾ ಎರಡು ಉಂಡೆ ಅಂಟಿಕೊಂಡವೇ? ಮೇಲಿನ ಪದರಗಳು ಹೇಗೆ ಬಾಗಿವೆ ಅಂತ ಅಳೆದು ನೋಡಿದಾಗ ತಲೆಗೂ ಮೈಗೂ ಈರುಳ್ಳಿಯ ಹಾಗೆ ಬೇರೆ ಬೇರೆ ಸಿಪ್ಪೆಗಳಿರುವುದು ಗೊತ್ತಾಯಿತು. ಅಂದರೆ ಎರಡು ಬೇರೆ ಬೇರೆಯಾಗಿ ಹುಟ್ಟಿ, ನಿಧಾನವಾಗಿ ಒಂದಕ್ಕೊಂದು ತಾಗಿ ಕೂಡಿಕೊಂಡವು.

ಇದೋ, ನಾನು ಮನೆಯಿಂದ ಒಂದು ಇದ್ದಿಲಿನ ತುಂಡು ತಂದಿದ್ದೇನೆ. ಕೈಯಿಂದ ಕೈಗೆ ದಾಟಿಸಿ, ಮಸಿಯಾದರೆ ನನ್ನನ್ನು ಬೈಯಬೇಡಿ. ಚಿತ್ರಗಳಲ್ಲಿ ಆ ಧೂಮಕೇತು ಬೂದು-ಬಿಳಿ ಕಾಣುವುದು ಕ್ಯಾಮೆರಾದ ದಯೆ. ನಿಜವಾಗಿ ಅದು ಇದೇ ಬಣ್ಣ, ಬಿದ್ದ ಬೆಳಕಿನಲ್ಲಿ ನೂರಕ್ಕೆ ಆರರಷ್ಟನ್ನು ಮಾತ್ರ ತಿರುಗಿಸಿ ಕೊಡುತ್ತದೆ. ತೂಕವೂ ಇದರ ಹಾಗೆ ಹಗುರ. ನೀರಿನ ಅರ್ಧದಷ್ಟು ಸಾಂದ್ರತೆ, ಒಳಗೆ ಮುಕ್ಕಾಲು ಪಾಲು ಪೊಳ್ಳು. ಸಾಕಷ್ಟು ದೊಡ್ಡ ಕೆರೆ ಇದ್ದರೆ ಆ ಬಾತುಕೋಳಿ ತೇಲುತ್ತದೆ.

ಇಂಥದ್ದರ ಮೇಲೆ ಇಳಿಯುವುದು ಹೇಗೆ? 2014ರ ನವೆಂಬರ್ 12. ಅದಕ್ಕೆ ಏಳು ವಾರ ಮೊದಲಷ್ಟೇ ನಮ್ಮ ಮಂಗಳಯಾನ ಮಂಗಳನ ಕಕ್ಷೆ ಸೇರಿತ್ತು, ಬೆಂಗಳೂರಿನವರಿಗೆ ನಿಯಂತ್ರಣ ಕೊಠಡಿಯ ಚಪ್ಪಾಳೆ ಇನ್ನೂ ಕಿವಿಯಲ್ಲಿತ್ತು. ಫಿಲೇ ಎಂಬ ಇಳಿಯುವ ಪೆಟ್ಟಿಗೆ ಭೂಮಿಯಲ್ಲಿ ನೂರು ಕಿಲೋ. ಧೂಮಕೇತುವಿನ ಮೇಲೆ ಅದರ ಭಾರ ಸುಮಾರು ಒಂದು ಗ್ರಾಮ್, ಒಂದು ಚಿಟಿಕೆ ಉಪ್ಪಿನಷ್ಟು. ಅಲ್ಲಿ ಇಳಿಯುವುದು ಕಷ್ಟವಲ್ಲ, ಇಳಿದ ಮೇಲೆ ಅಲ್ಲೇ ಇರುವುದು ಕಷ್ಟ. ಅದಕ್ಕೆ ಮೂರು ಏರ್ಪಾಡು: ನೆಲಕ್ಕೆ ಹೊಡೆದುಕೊಳ್ಳುವ ಎರಡು ಈಟಿ, ಮೇಲಿಂದ ಒತ್ತಿಹಿಡಿಯುವ ಅನಿಲದ ಚಿಮ್ಮು, ಕಾಲುಗಳಲ್ಲಿ ಮಂಜಿಗೆ ತಿರುಚಿಕೊಳ್ಳುವ ಸ್ಕ್ರೂ. ಹಿಂದಿನ ರಾತ್ರಿಯೇ ಅನಿಲದ ಚಿಮ್ಮು ಕೈಕೊಟ್ಟಿತು. ಇರಲಿ, ಇಳಿಸಿಯೇ ಬಿಡೋಣ ಅಂದರು.

ಏಳು ಗಂಟೆ ನಿಧಾನವಾಗಿ ಬಿತ್ತು. ನಮ್ಮ ರಾತ್ರಿ 9:33ಕ್ಕೆ ಭೂಮಿಗೆ ಸುದ್ದಿ, ಮುಟ್ಟಿದೆ! ಗುರಿ ಇಟ್ಟ ಅಗಿಲ್ಕಿಯಾ ಎಂಬ ಜಾಗದಲ್ಲೇ, ಹೆಚ್ಚೆಂದರೆ ನೂರಿನ್ನೂರು ಮೀಟರ್ ಅತ್ತಿತ್ತ. 51 ಕೋಟಿ ಕಿಲೋಮೀಟರ್ ದೂರದಿಂದ ಹೊಡೆದ ಗುರಿ ಅದು. ಎಲ್ಲರೂ ಅಪ್ಪಿಕೊಂಡರು. ಸ್ವಲ್ಪ ಹೊತ್ತಿಗೆ ಅಂಕಿಅಂಶ ನೋಡುತ್ತಿದ್ದವರ ಮುಖ ಬದಲಾಯಿತು. ಈಟಿ ಹಾರಿಲ್ಲ. ಸೌರಫಲಕಕ್ಕೆ ಬೀಳುವ ಬಿಸಿಲು ಏರಿಳಿಯುತ್ತಿದೆ, ಅಂದರೆ ಪೆಟ್ಟಿಗೆ ತಿರುಗುತ್ತಿದೆ. ನೆಲದ ಮೇಲಿರುವ ವಸ್ತು ತಿರುಗುವುದು ಯಾಕೆ? ಅದು ನೆಲದ ಮೇಲಿರಲಿಲ್ಲ. ಚೆಂಡಿನ ಹಾಗೆ ಪುಟಿದು ಮತ್ತೆ ಮೇಲೆ ಹೋಗಿತ್ತು. ಇನ್ನೊಂದಿಷ್ಟು ಜೋರಾಗಿ ಪುಟಿದಿದ್ದರೆ ವಾಪಸ್ ಬರುತ್ತಲೇ ಇರಲಿಲ್ಲ. ಸುಮಾರು ಎರಡು ಗಂಟೆ ತೇಲಿ, ಒಂದು ಅಂಚಿಗೆ ಬಡಿದು, ಮತ್ತೊಮ್ಮೆ ನೆಲಕ್ಕೆ ತಾಗಿ, ಕೊನೆಗೆ ಬಂಡೆಗಳ ಸಂದಿಯೊಂದರಲ್ಲಿ ಒಂದು ಕಾಲೆತ್ತಿ ಒರಗಿ ನಿಂತಿತು. ಬೇಕಾಗಿದ್ದು ದಿನಕ್ಕೆ ಆರೇಳು ಗಂಟೆ ಬಿಸಿಲು, ಸಿಕ್ಕಿದ್ದು ಒಂದೂವರೆ ಗಂಟೆ. ಜೊತೆಗೊಯ್ದ ಬ್ಯಾಟರಿಯಲ್ಲಿ ಎರಡೂವರೆ ದಿನ ಕೆಲಸ ಮಾಡಿ ಮಲಗಿತು.

ಈ ಪುಟಿತವನ್ನು ಪತ್ರಿಕೆಗಳು ಅರ್ಧ ಸೋಲು ಅಂತ ಬರೆದವು. ನನಗೆ ಹಾಗನ್ನಿಸುವುದಿಲ್ಲ. ಒಂದೇ ಜಾಗದಲ್ಲಿ ಇಳಿದಿದ್ದರೆ ಒಂದೇ ನೆಲದ ಗುಣ ಗೊತ್ತಾಗುತ್ತಿತ್ತು. ಎರಡನೆಯ ಸಲ ತಾಗಿದ ಜಾಗ ಎಲ್ಲಿ ಅಂತ ಆರು ವರ್ಷ ಹುಡುಕಿ, 2020ರಲ್ಲಿ ಪತ್ತೆ ಮಾಡಿದರು. ಅಲ್ಲಿ ಪೆಟ್ಟಿಗೆ ಒತ್ತಿದ ಕಾಲು ಮೀಟರಿನ ಗುರುತಿತ್ತು, ಒಳಗಿನ ಹಳೆಯ ಮಂಜು ಬೆಳ್ಳಗೆ ಇಣುಕುತ್ತಿತ್ತು. ಆ ಮಂಜು ಎಷ್ಟು ಮೆತ್ತಗಿದೆ ಅಂತ ಲೆಕ್ಕ ಹಾಕಿದರೆ ಕ್ಯಾಪುಚಿನೊ ಮೇಲಿನ ನೊರೆಗಿಂತಲೂ ಮೃದು! ನಮ್ಮ ಲೆಕ್ಕದಲ್ಲಿ ಲೋಟದಿಂದ ಬಟ್ಟಲಿಗೆ ಎತ್ತಿ ಸುರಿದ ಫಿಲ್ಟರ್ ಕಾಫಿಯ ನೊರೆ. ಕೊನೆಗೆ ನಿಂತ ಜಾಗದಲ್ಲೋ, ನೆಲಕ್ಕೆ ಇಳಿಸಲು ಒಯ್ದಿದ್ದ ಸುತ್ತಿಗೆಯ ಮೊಳೆ ಇಳಿಯಲೇ ಇಲ್ಲ, ಅಷ್ಟು ಗಟ್ಟಿ.

ಮೇಲೆ ಸುತ್ತುತ್ತಿದ್ದ ರೊಸೆಟ್ಟಾ ಅಷ್ಟರಲ್ಲಿ ಧೂಮಕೇತುವನ್ನು ಮೂಸುತ್ತಿತ್ತು. ಅದರಲ್ಲಿ ಅಣುಗಳನ್ನು ತೂಗುವ ಉಪಕರಣವಿತ್ತು. ಕೊಳೆತ ಮೊಟ್ಟೆಯ ಹೈಡ್ರೋಜನ್ ಸಲ್ಫೈಡ್, ಕುದುರೆ ಲಾಯದ ಅಮೋನಿಯಾ, ಶವಾಗಾರದ ಫಾರ್ಮಾಲ್ಡಿಹೈಡ್, ಕಹಿ ಬಾದಾಮಿಯ ಹೈಡ್ರೋಜನ್ ಸಯನೈಡ್. ಇವುಗಳ ಜೊತೆಗೇ ಗ್ಲೈಸಿನ್, ಅಂದರೆ ನಮ್ಮ ಮೈಯ ಪ್ರೋಟೀನುಗಳಲ್ಲಿರುವ ಅತಿ ಸರಳ ಅಮೈನೋ ಆಮ್ಲ, ಮತ್ತು ರಂಜಕ. ಆಮ್ಲಜನಕ ಅಲ್ಲಿ ಇರಲೇಬಾರದಿತ್ತು, ಬೇರೆ ಧಾತುಗಳ ಜೊತೆ ಎಂದೋ ಕೂಡಿಹೋಗಿರಬೇಕಿತ್ತು. ಆದರೆ ನೀರಿನ ನೂರು ಅಣುವಿಗೆ ನಾಲ್ಕರಷ್ಟು ಹೊರಬರುತ್ತಲೇ ಇತ್ತು.

ಎಲ್ಲರೂ ಕಾಯುತ್ತಿದ್ದುದು ನೀರಿನ ಸುದ್ದಿಗೆ. ನಮ್ಮ ಸಮುದ್ರದ ನೀರು ಧೂಮಕೇತುಗಳಿಂದ ಬಂದದ್ದೇ? ಇದಕ್ಕೆ ನೀರಿನ ಜಾತಕ ನೋಡುವ ಕ್ರಮವೊಂದಿದೆ. ಹೈಡ್ರೋಜನ್‌ಗೆ ಭಾರದ ಅಣ್ಣನೊಬ್ಬನಿದ್ದಾನೆ, ಡ್ಯೂಟೀರಿಯಮ್. ನಮ್ಮ ಸಮುದ್ರದಲ್ಲಿ ಹತ್ತು ಸಾವಿರ ಹೈಡ್ರೋಜನ್‌ಗೆ ಒಂದೂವರೆ ಡ್ಯೂಟೀರಿಯಮ್. 67ಪಿಯಲ್ಲಿ ಸಿಕ್ಕಿದ್ದು ಐದಕ್ಕಿಂತ ಹೆಚ್ಚು. ಜಾತಕ ಕೂಡಲಿಲ್ಲ! 2014ರ ಡಿಸೆಂಬರಿನಲ್ಲಿ ಇದು ದೊಡ್ಡ ಸುದ್ದಿ. ನಾನೂ ಹತ್ತಾರು ಕಡೆ ಹೋಗಿ, ನಮ್ಮ ನೀರು ಇಂಥ ಧೂಮಕೇತುಗಳದ್ದಲ್ಲ ಅಂತ ಭಾಷಣ ಮಾಡಿದೆ. 2024ರಲ್ಲಿ ಅದೇ ನೌಕೆಯ ಅಳತೆಗಳನ್ನು ಮತ್ತೆ ಮೊದಲಿಂದ ಜಾಲಾಡಿದ ಗುಂಪೊಂದು ಬೇರೆ ಮಾತು ಹೇಳಿತು. ನೌಕೆಯ ಸುತ್ತ ಹಾರುತ್ತಿದ್ದ ದೂಳಿನ ಕಣಗಳಿಗೆ ಭಾರದ ನೀರು ಹೆಚ್ಚಾಗಿ ಅಂಟಿಕೊಂಡು ಲೆಕ್ಕವನ್ನು ಏರಿಸಿತ್ತು, ದೂಳಿನಿಂದ ದೂರದಲ್ಲಿ ಅಳೆದದ್ದನ್ನು ಮಾತ್ರ ಹಿಡಿದರೆ ಜಾತಕ ಸಮುದ್ರಕ್ಕೆ ಸಾಕಷ್ಟು ಹತ್ತಿರ ಬರುತ್ತದೆ ಅಂತ. ಹಾಗಾಗಿ ಹಿಂದೆ ನನ್ನ ಭಾಷಣ ಕೇಳಿದವರು ಇಲ್ಲಿದ್ದರೆ, ಆ ಭಾಗವನ್ನು ದಯವಿಟ್ಟು ಮರೆತುಬಿಡಿ.

2014ರ ಜೂನ್‌ನಲ್ಲಿ ದೂರವಿದ್ದಾಗ ಸೆಕೆಂಡಿಗೆ ಎರಡು ಸಣ್ಣ ಲೋಟದಷ್ಟು ನೀರನ್ನು ಹಬೆಯಾಗಿ ಬಿಡುತ್ತಿದ್ದದ್ದು, 2015ರ ಆಗಸ್ಟ್ 13ರಂದು ಸೂರ್ಯನ ಹತ್ತಿರ ಬಂದಾಗ ಸೆಕೆಂಡಿಗೆ 300 ಕಿಲೋ ಬಿಡುತ್ತಿತ್ತು. ಜೊತೆಗೆ ಒಂದು ಟನ್ ದೂಳು. ಅದಕ್ಕೆ ಒಂದು ತಿಂಗಳ ಮೊದಲು ಅಸ್ವಾನ್ ಅಂತ ಹೆಸರಿಟ್ಟ ಬಂಡೆಗೋಡೆಯೊಂದು ಕುಸಿದು ಒಳಗಿನ ಬಿಳಿ ಮಂಜು ಬಯಲಾಯಿತು. ಆ ಒಂದು ಸುತ್ತಿನಲ್ಲಿ ಒಟ್ಟು ತೂಕದ ಸಾವಿರದಲ್ಲೊಂದು ಭಾಗ ಹೋಯಿತು.

ಫಿಲೇ ಸಿಕ್ಕಿತೇ ಅಂತ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೈಯೆತ್ತಿದ್ದಾನೆ. ಸಿಕ್ಕಿತಪ್ಪ. 2016ರ ಸೆಪ್ಟೆಂಬರ್ 2ರಂದು, ಎಲ್ಲ ಮುಗಿಯಲು ನಾಲ್ಕು ವಾರ ಇರುವಾಗ, 2.7 ಕಿಲೋಮೀಟರ್ ಎತ್ತರದಿಂದ ತೆಗೆದ ಚಿತ್ರದಲ್ಲಿ ಸಂದಿಯ ನೆರಳಲ್ಲಿ ಎರಡು ಕಾಲು ಕಂಡವು. ಸೆಪ್ಟೆಂಬರ್ 30ರಂದು ರೊಸೆಟ್ಟಾವನ್ನೂ ಮೆಲ್ಲಗೆ ಧೂಮಕೇತುವಿನ ಮೇಲೆ ಇಳಿಸಿದರು, ಚಿತ್ರ ತೆಗೆಯುತ್ತ ತೆಗೆಯುತ್ತ. ಮುಟ್ಟಿದ ಕ್ಷಣ ರೇಡಿಯೋ ಬಂದ್. ಒಂದು ವರ್ಷದ ಮೇಲೆ ಕ್ಯಾಮೆರಾ ತಂಡದವರು ಹಳೆಯ ಕಡತ ಕೆದಕುವಾಗ ಅರ್ಧ ಮಾತ್ರ ಬಂದು ನಿಂತಿದ್ದ ಒಂದು ಚಿತ್ರ ಸಿಕ್ಕಿತು. ಆರು ತುಂಡಿನಲ್ಲಿ ಮೂರು. ಕಂಪ್ಯೂಟರ್ ಅದನ್ನು ಚಿತ್ರ ಅಂತಲೇ ಗುರುತಿಸಿರಲಿಲ್ಲ. ಇದ್ದಷ್ಟನ್ನು ಕೂಡಿಸಿದರೆ ಮಸುಕು ಮಸುಕಾಗಿ ಒಂದು ಮೀಟರ್ ನೆಲ, ಕಲ್ಲು, ನೆರಳು. ಅದೇ ಕೊನೆಯ ಚಿತ್ರ. ಚುರ್ಯುಮೋವ್ ಅದನ್ನು ನೋಡಲಿಲ್ಲ. ನೌಕೆ ಇಳಿದ ಎರಡು ವಾರಕ್ಕೆ, ಅಕ್ಟೋಬರಿನಲ್ಲಿ, ತೀರಿಕೊಂಡಿದ್ದರು.

2028ರ ಏಪ್ರಿಲ್‌ನಲ್ಲಿ ಅದು ಮತ್ತೆ ಸೂರ್ಯನ ಹತ್ತಿರ ಬರುತ್ತದೆ. ಆದರೆ ಆಗ ನಮಗೆ ಸೂರ್ಯನ ಆಚೆ ಬದಿಗೆ, ನೋಡಲು ಅನುಕೂಲವಿಲ್ಲ. ಒಳ್ಳೆಯ ಅವಕಾಶ ಇದ್ದದ್ದು 2021ರ ನವೆಂಬರಿನಲ್ಲಿ, ಭೂಮಿಯಿಂದ ಆರೂಕಾಲು ಕೋಟಿ ಕಿಲೋಮೀಟರಿಗೆ ಬಂದಿತ್ತು, ಮಿಥುನ ರಾಶಿಯಲ್ಲಿ. ಆ ನವೆಂಬರ್ ನಿಮಗೆ ನೆನಪಿರಬೇಕು, ಮಳೆ ಬಿಟ್ಟರೆ ಕೇಳಿ. ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ಮೊಳೆತ ವರ್ಷ ಅದು. ಎಂಟಿಂಚಿನ ದೂರದರ್ಶಕ ಹೊತ್ತುಕೊಂಡು ಗೆಳೆಯನ ತೋಟಕ್ಕೆ ಹೋಗಿ ನಾಲ್ಕು ರಾತ್ರಿ ಮೋಡ ನೋಡಿದೆ. ಐದನೆಯ ರಾತ್ರಿ ಎರಡು ಗಂಟೆಗೆ ಅರ್ಧ ತಾಸು ಆಕಾಶ ತೆರೆಯಿತು. ಸಿಕ್ಕಿತು. ಎರಡು ಯಂತ್ರಗಳನ್ನು ಮೈಮೇಲೆ ಹೊತ್ತುಕೊಂಡು ಹೋಗುತ್ತಿದ್ದ ಬೂದು ಬಣ್ಣದ ಒಂದು ಮಸುಕು. ನನಗೆ ಕೈ ನಡುಗಿತು. ತೋಟ ಕಾಯುವ ಅಜ್ಜ ಕಂಬಳಿ ಹೊದ್ದು ಪಕ್ಕದಲ್ಲೇ ನಿಂತಿದ್ದರು. ಬನ್ನಿ ನೋಡಿ ಅಂತ ಕರೆದೆ. ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿ, ತಲೆ ಎತ್ತಿ ಅಂದರು: “ಗಾಜು ಒರೆಸಿ ಸಾಮಿ, ಇಬ್ಬನಿ ಕುಂತೈತೆ.”